ಟಾಫಿ ಡಬ್ಬಿಯ ಮೇಲೆ ಯಾರ ಹೆಸರು?

ಕ್ರಿಸ್‌ಮಸ್ ಹತ್ತಿರ ಬಂತು. ಮಂಗಳೂರು, ಉಡುಪಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಿಂಡಿಗಳನ್ನು ಮಾಡುವ ಗಡಿಬಿಡಿ ಈಗಾಗಲೇ ಶುರುವಾಗಿರುತ್ತದೆ. ನೆವ್ರಿ, ಗುಳಿಯೊ, ಕಿಡಿಯೊ, ತುಕ್ಡಿ ತುಂಬಿದ ತಟ್ಟೆಗಳು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗುತ್ತವೆ. ಕೆಲವು ಮನೆಗಳ ತಟ್ಟೆಯಲ್ಲಿ ಒಂದು ಮೂಲೆಗೆ ಟಾಫಿಯೂ ಇರುತ್ತದೆ, ಮನೆಯಲ್ಲೇ ಕಾಯಿಸಿ ಚೌಕ ಚೌಕವಾಗಿ ಕತ್ತರಿಸಿದ್ದು. ಉಳಿದದ್ದನ್ನೆಲ್ಲ ಬಿಟ್ಟು ನನ್ನ ಕೈ ಮೊದಲು ಹೋಗುವುದು ಅಲ್ಲಿಗೇ. ಟಾಫಿಯ ಹುಚ್ಚು ನನಗೆ ಹಳೆಯದು. ಇದನ್ನು ಯಾರು ಕಾಯಿಸಿದರು, ಯಾರು ಮಾರಿದರು, ಹೆಸರು ಯಾರಿಗೆ ಬಂತು ಅಂತ ಹುಡುಕುತ್ತಾ ಹೋದರೆ ಸಿಗುವುದು ಹೆಂಗಸರ ಅಡುಗೆಮನೆಗಳು. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಗಂಡಸರ ಹೆಸರು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ಟಾಫಿಗೆ ಬೇಕಾದದ್ದು ಸಕ್ಕರೆ, ಬೆಣ್ಣೆ, ಬೆಂಕಿ, ಇಷ್ಟೇ. ಇದರಲ್ಲಿ ಸಕ್ಕರೆಯ ಪ್ರಯಾಣ ಬಹಳ ಉದ್ದ, ಅದನ್ನು ಸ್ವಲ್ಪ ಬೇಗ ಮುಗಿಸಿಬಿಡುತ್ತೇನೆ. ಕಬ್ಬಿನ ರಸದಿಂದ ಹರಳು ತೆಗೆಯುವ ವಿದ್ಯೆ ನಮ್ಮ ದೇಶದ್ದು. ಪರ್ಷಿಯನ್ನರು, ಅರಬರು ಕಲಿತು ಪಡುವಣಕ್ಕೆ ಒಯ್ದರು. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಸಕ್ಕರೆ ಅಂದರೆ ಸಿರಿವಂತರ ಸೊತ್ತು. ಮುಂದೆ ಕೆರಿಬಿಯನ್ ದ್ವೀಪಗಳಲ್ಲಿ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ರಕ್ತ ಬಸಿದು ಕಬ್ಬು ಬೆಳೆಸಿದರು. ಈ ಸಿಹಿಯ ಬುಡದಲ್ಲಿ ಅಷ್ಟು ಕಣ್ಣೀರಿದೆ, ಅದನ್ನು ಹೇಳದೆ ಮುಂದೆ ಹೋಗುವುದು ತಪ್ಪು. ಕೊನೆಗೆ 1874ರಲ್ಲಿ ಬ್ರಿಟಿಷ್ ಸರ್ಕಾರ ಸಕ್ಕರೆಯ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಗಿರಣಿ ಕೂಲಿಯವರ ಮನೆಗೂ ಸಕ್ಕರೆ ಧಾರಾಳವಾಗಿ ಬಂತು. ಸುಂಕದ ಪುರಾಣ ಇಷ್ಟು ಸಾಕು.

ನನಗೆ ಬಲು ಇಷ್ಟವಾದದ್ದು ಉತ್ತರ ವೇಲ್ಸಿನ ಹಳ್ಳಿಗಳ ಪದ್ಧತಿ. ಕ್ರಿಸ್‌ಮಸ್ ಮತ್ತು ಹೊಸವರ್ಷದ ದಿನಗಳಲ್ಲಿ ಅಲ್ಲಿ ಟಾಫಿ ರಾತ್ರಿ ಅಂತಲೇ ಒಂದು ಇರುತ್ತಿತ್ತು. ನೆಂಟರನ್ನು, ನೆರೆಯವರನ್ನು ಊಟಕ್ಕೆ ಕರೆಯುವುದು, ಉಂಡು ಆಟವಾಡಿ, ಕಥೆ ಹೇಳಿ, ಆಮೇಲೆ ಒಲೆಯ ಮೇಲೆ ಪಾಕ ಏರಿಸುವುದು. ಹದಕ್ಕೆ ಬಂದ ಪಾಕವನ್ನು ಬೆಣ್ಣೆ ಸವರಿದ ಕಲ್ಲಿನ ಮೇಲೆ ಸುರಿಯುತ್ತಿದ್ದರು. ಎಲ್ಲರೂ ಕೈಗೆ ಬೆಣ್ಣೆ ಹಚ್ಚಿಕೊಂಡು ಸುತ್ತ ಕೂರಬೇಕು. ಮುಟ್ಟುವಷ್ಟು ಆರಿದ ತಕ್ಷಣ ಕೈಗೆ ಸಿಕ್ಕಷ್ಟು ತೆಗೆದುಕೊಂಡು ಎಳೆಯಬೇಕು, ಮಡಚಬೇಕು, ಮತ್ತೆ ಎಳೆಯಬೇಕು. ಎಳೆದಷ್ಟೂ ಒಳಗೆ ಗಾಳಿ ಸೇರಿ ಕಂದು ಬಣ್ಣ ಹೋಗಿ ಹೊನ್ನಿನ ಬಣ್ಣ ಬರುತ್ತದೆ. ತಡಮಾಡಿದರೆ ಗಟ್ಟಿಯಾಗುತ್ತದೆ, ಅವಸರಪಟ್ಟರೆ ಅಂಗೈ ಸುಡುತ್ತದೆ. ಆ ಮನೆಯಲ್ಲಿ ಆಗ ಎಷ್ಟು ನಗು, ಎಷ್ಟು ಕಿರುಚಾಟ ಇದ್ದಿರಬೇಕು!

ಇನ್ನೂ ಒಂದು ತಮಾಷೆ ಇದೆ. ಮದುವೆಯಾಗದ ಹುಡುಗ ಹುಡುಗಿಯರು ಬಿಸಿ ಪಾಕವನ್ನು ಚೂರು ತೆಗೆದು ತಣ್ಣೀರಿಗೆ ಬಿಡುತ್ತಿದ್ದರು. ಅದು ಸುರುಳಿ ಸುತ್ತಿಕೊಂಡು ಯಾವ ಅಕ್ಷರದ ಆಕಾರ ತಾಳುತ್ತದೋ ಆ ಅಕ್ಷರದಿಂದ ಮುಂದಿನ ಗಂಡನದೋ ಹೆಂಡತಿಯದೋ ಹೆಸರು ಶುರುವಾಗುತ್ತದೆ ಅಂತ ನಂಬಿಕೆ. ಮನಸ್ಸಿನಲ್ಲಿರುವ ಅಕ್ಷರವೇ ನೀರಿನಲ್ಲೂ ಕಂಡಿರುತ್ತದೆ ಬಿಡಿ. ಕ್ರಿಸ್‌ಮಸ್ ದಿನ ನಸುಕಿಗೆ ಚರ್ಚಿನಲ್ಲಿ ಹಾಡುಗಳ ಪ್ರಾರ್ಥನೆ ಇರುತ್ತಿತ್ತು. ಅಲ್ಲಿಗೆ ಹೋಗುವವರೆಗೆ ನಿದ್ದೆ ತಡೆಯಬೇಕಲ್ಲ, ಅದಕ್ಕೂ ಟಾಫಿ ಕಾಯಿಸುವ ಕೆಲಸವೇ ಆಸರೆ. ಪದಾರ್ಥಕ್ಕಿಂತ ಅದನ್ನು ಮಾಡುವುದೇ ಹಬ್ಬ, ನೋಡಿ.

ಉತ್ತರ ಇಂಗ್ಲೆಂಡಿನಲ್ಲಿ ಇದೇ ಸಂಭ್ರಮ ನವೆಂಬರ್ 5ಕ್ಕೆ. ಆ ರಾತ್ರಿ ಬೀದಿಯಲ್ಲಿ ದೊಡ್ಡ ಬೆಂಕಿ ಹಾಕಿ ಕಾಕಂಬಿಯಿಂದ ಕಾಯಿಸಿದ ಕಪ್ಪು ಟಾಫಿ ಹಂಚುತ್ತಾರೆ. ಇನ್ನು ಮಾರಾಟದ ಮಾತು. ಲಿವರ್‌ಪೂಲ್ ನಗರದ ಎವರ್ಟನ್‌ನಲ್ಲಿ ಮಾಲಿ ಬುಶೆಲ್ ಎಂಬಾಕೆ 1753ರಷ್ಟು ಹಿಂದೆಯೇ ಮನೆಯಲ್ಲಿ ಟಾಫಿ ಕಾಯಿಸಿ ಮಾರಲು ಶುರುಮಾಡಿದಳು ಅಂತ ಊರವರು ಹೇಳುತ್ತಾರೆ. ಫುಟ್‌ಬಾಲ್ ನೋಡುವ ಹುಡುಗರು ಮನೆಯಲ್ಲಿದ್ದರೆ ಕೇಳಿ, ಎವರ್ಟನ್ ತಂಡದ ಅಡ್ಡಹೆಸರು ಇವತ್ತಿಗೂ ‘ಟಾಫೀಸ್’! ಡಾಂಕಾಸ್ಟರ್ ಊರಿನ ಸ್ಯಾಮ್ಯುಯೆಲ್ ಪಾರ್ಕಿನ್‌ಸನ್ 1817ರಿಂದ ಬಟರ್‌ಸ್ಕಾಚ್ ಮಾರಿದ. 1851ರಲ್ಲಿ ವಿಕ್ಟೋರಿಯಾ ರಾಣಿ ಆ ಊರಿಗೆ ಬಂದಾಗ ಅದನ್ನೇ ಕಾಣಿಕೆ ಕೊಟ್ಟರು. ರಾಣಿಗೆ ಕೊಟ್ಟ ಮೇಲೆ ಕೇಳಬೇಕೇ, ವ್ಯಾಪಾರ ಕುದುರಿತು.

ಈಗ ನನ್ನ ಕಥಾನಾಯಕಿಗೆ ಬರುತ್ತೇನೆ. ವಯೊಲೆಟ್ ಟೇಲರ್. ಊರು ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್, ಎತ್ತ ನೋಡಿದರೂ ಗಿರಣಿಗಳ ಹೊಗೆ. ವಯೊಲೆಟ್ ಮದುವೆಗೆ ಮೊದಲೇ ಮಿಠಾಯಿ ಅಂಗಡಿಯಲ್ಲಿ ಕೆಲಸ ಮಾಡಿ ಕೈ ಪಳಗಿಸಿಕೊಂಡಿದ್ದ ಹೆಣ್ಣುಮಗಳು. ಜಾನ್ ಮ್ಯಾಕಿಂಟಾಶ್ ಹತ್ತನೇ ವಯಸ್ಸಿಗೇ ಹತ್ತಿ ಗಿರಣಿ ಸೇರಿದ್ದ ಹುಡುಗ. 1890ರಲ್ಲಿ ಇಬ್ಬರಿಗೂ ಮದುವೆಯಾಯಿತು. ಕೂಡಿಟ್ಟ ಹಣ ಹಾಕಿ ಕಿಂಗ್ ಕ್ರಾಸ್ ಲೇನ್‌ನಲ್ಲಿ ಒಂದು ಸಣ್ಣ ತಿಂಡಿ ಅಂಗಡಿ ತೆರೆದರು. ಗಂಡ ಗಿರಣಿ ಕೆಲಸ ಬಿಡಲಿಲ್ಲ, ಅಂಗಡಿ ನೋಡಿಕೊಂಡವಳು ವಯೊಲೆಟ್.

ಶನಿವಾರ ಸಂಬಳ ಕೈಯಲ್ಲಿಟ್ಟುಕೊಂಡು ಜನ ಪೇಟೆಗೆ ಬರುತ್ತಾರೆ. ಅವರನ್ನು ಅಂಗಡಿಯೊಳಗೆ ಎಳೆಯಲು ಏನಾದರೂ ವಿಶೇಷ ಬೇಕಿತ್ತು. ಆಗ ಇಂಗ್ಲೆಂಡಿನ ಟಾಫಿ ಹೇಗಿತ್ತು ಗೊತ್ತೇ? ತಟ್ಟೆಯಲ್ಲಿ ಸುರಿದು ಗಟ್ಟಿಮಾಡಿದ್ದನ್ನು ಅಂಗಡಿಯವರು ಪುಟ್ಟ ಸುತ್ತಿಗೆ ಹಿಡಿದು ಒಡೆದು ತೂಗಿ ಕೊಡುತ್ತಿದ್ದರು. ಹಲ್ಲು ಗಟ್ಟಿಯಿದ್ದವರ ತಿಂಡಿ ಅದು. ಅದೇ ಹೊತ್ತಿಗೆ ಅಮೆರಿಕದಿಂದ ಕ್ಯಾರಮೆಲ್ ಬಂದಿತ್ತು, ಅದೋ ತೀರಾ ಮೆತ್ತಗೆ. ಇವೆರಡರ ನಡುವಿನ ಹದವೊಂದನ್ನು ವಯೊಲೆಟ್ ತನ್ನ ಒಲೆಯ ಮೇಲೆ ಹುಡುಕಿದಳು. ಒಂದು ಕಡೆ ಬೆಣ್ಣೆಯ ಘಮ, ಇನ್ನೊಂದು ಕಡೆ ಜಗಿಯಲು ಬರುವ ಮೆದು. ಕಚ್ಚಿದರೆ ಹಲ್ಲಿಗೆ ಒಗ್ಗುತ್ತದೆ, ಹಾಗಂತ ಕೈಯಲ್ಲೇ ಕರಗಿಹೋಗುವುದಿಲ್ಲ. ಅಡುಗೆ ಮಾಡುವವರಿಗೆ ಗೊತ್ತು, ಪಾಕದಲ್ಲಿ ಒಂದು ಕ್ಷಣದ ವ್ಯತ್ಯಾಸ ಎಂದರೆ ಏನು ಅಂತ. ಅಂಥ ಹದ ಕಂಡುಕೊಳ್ಳುವುದು ಸಣ್ಣ ಕೆಲಸವಲ್ಲ.

ಮಾರುವ ಚಾಲಾಕು ಜಾನ್‌ನದು, ಅದನ್ನು ಒಪ್ಪಲೇಬೇಕು. ಒಂದು ಶನಿವಾರ ಬಂದವರಿಗೆಲ್ಲ ಬಿಟ್ಟಿ ರುಚಿ ತೋರಿಸಿದ. ಮುಂದಿನ ಜಾಹೀರಾತಿನಲ್ಲಿ, ಕಳೆದ ವಾರ ನಮ್ಮ ಖರ್ಚಿನಲ್ಲಿ ತಿಂದಿರಿ, ಈ ವಾರ ಬಂದು ನಿಮ್ಮ ಖರ್ಚಿನಲ್ಲಿ ತಿನ್ನಿ ಅಂತ ಕರೆದ. ಜನ ನಕ್ಕರು, ಬಂದರು, ಕೊಂಡರು. ಕೆಲವೇ ವರ್ಷಗಳಲ್ಲಿ ಅಡುಗೆಮನೆ ಸಾಲದೆ ಗೋದಾಮು, ಗೋದಾಮು ಸಾಲದೆ ಕಾರ್ಖಾನೆ. ಜಾನ್ ತನ್ನನ್ನು ‘ಟಾಫಿ ರಾಜ’ ಎಂದು ಕರೆದುಕೊಂಡ. ಪಾಕ ಕಂಡುಹಿಡಿದ ಹೆಂಡತಿಗೆ ಮಾತ್ರ ರಾಣಿ ಪಟ್ಟ ಯಾರೂ ಕಟ್ಟಲಿಲ್ಲ. ಡಬ್ಬಿಯ ಮೇಲೆ ಅಚ್ಚಾದದ್ದು ಮ್ಯಾಕಿಂಟಾಶ್ ಎಂಬ ಗಂಡನ ಮನೆತನದ ಹೆಸರು. ನನಗೆ ಇವತ್ತಿಗೂ ಇದು ನೆನೆದರೆ ಹೊಟ್ಟೆ ಉರಿಯುತ್ತದೆ.

1904ರಲ್ಲಿ ರಾಜರು ಅಮೆರಿಕಕ್ಕೆ ದಂಡೆತ್ತಿ ಹೋದರು. ಅಲ್ಲಿನ ಬೇಸಿಗೆಯ ಸೆಕೆಗೆ ಟಾಫಿ ಅಂಟಂಟಾಯಿತು, ವ್ಯಾಪಾರ ನೆಲಕಚ್ಚಿತು, ವಾಪಸು ಬಂದರು. 1909ರಲ್ಲಿ ಹ್ಯಾಲಿಫ್ಯಾಕ್ಸಿನ ಕಾರ್ಖಾನೆಗೆ ಬೆಂಕಿ ಬಿತ್ತು, ಮತ್ತೆ ಕಟ್ಟಿದರು. 1920ರಲ್ಲಿ ಜಾನ್ ತೀರಿಕೊಂಡ ಮೇಲೆ ಮಗ ಹೆರಾಲ್ಡ್ ಗದ್ದುಗೆಗೆ ಬಂದ. ಆತ ಬುದ್ಧಿವಂತ. ಬಗೆಬಗೆಯ ಟಾಫಿ, ಚಾಕೊಲೇಟುಗಳನ್ನು ಬಣ್ಣಬಣ್ಣದ ಕಾಗದದಲ್ಲಿ ಸುತ್ತಿ, ಚೆಂದದ ತಗಡಿನ ಡಬ್ಬಿಯಲ್ಲಿ ತುಂಬಿ 1936ರಲ್ಲಿ ಮಾರುಕಟ್ಟೆಗೆ ಬಿಟ್ಟ. ಹೆಸರು ‘ಕ್ವಾಲಿಟಿ ಸ್ಟ್ರೀಟ್’, ಜೆ. ಎಂ. ಬ್ಯಾರಿಯ ನಾಟಕವೊಂದರಿಂದ ತೆಗೆದುಕೊಂಡದ್ದು. ಅಲ್ಲಿಯವರೆಗೆ ಡಬ್ಬಿ ತುಂಬ ಚಾಕೊಲೇಟು ಕೊಡುವುದು ಉಳ್ಳವರ ಶೋಕಿ, ಇದು ಗಿರಣಿ ಕೆಲಸಗಾರರ ಕೈಗೂ ಎಟುಕಿತು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಉಡುಗೊರೆ ಎಂದರೆ ಈ ಡಬ್ಬಿ ಎನ್ನುವಂತಾಯಿತು. 1988ರಲ್ಲಿ ಅದು ನೆಸ್ಲೆ ಕಂಪನಿಯ ಪಾಲಾಯಿತು.

ಒಳ್ಳೆಯದೇ ಆಯಿತು ಅನ್ನಬಹುದು. ಆದರೆ ಡಬ್ಬಿ ಬಂದ ಮೇಲೆ ಒಲೆಯ ಸುತ್ತ ಕೂರುವ ಕೆಲಸ ಯಾರಿಗೆ ಬೇಕು? ಅಕ್ಷರ ನೋಡಲು ಪಾಕ ಯಾರು ನೀರಿಗೆ ಬಿಡುತ್ತಾರೆ? ಅಂಗಡಿಯ ಉಡುಗೊರೆಯಲ್ಲಿ ದುಡ್ಡು ಇರುತ್ತದೆ, ಕೊಟ್ಟವರ ಕೈ ಇರುವುದಿಲ್ಲ. ಅದಕ್ಕೇ ಈ ವರ್ಷ ನೀವೇ ಮಾಡಿ ಅನ್ನುತ್ತೇನೆ. ಕಷ್ಟವೇನಿಲ್ಲ, ಬೆಲ್ಲ ಕಾಯಿಸಿ ಕಡಲೆಕಾಯಿ ಚಿಕ್ಕಿ ಮಾಡಿದವರಿಗಂತೂ ನೀರು ಕುಡಿದಷ್ಟು ಸುಲಭ. ನಾನು ಹೇಳುವುದು ವಯೊಲೆಟಳ ಮೆದು ಟಾಫಿಯಲ್ಲ, ಅದಕ್ಕಿಂತ ಹಿಂದಿನ, ಕಟುಕ್ ಅಂತ ಮುರಿಯುವ ಟಾಫಿ.

ಸಕ್ಕರೆ 200 ಗ್ರಾಂ, ಬೆಣ್ಣೆ 200 ಗ್ರಾಂ, ಎರಡು ಚಮಚ ನೀರು, ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ. ನಿಂಬೆರಸ ಹಾಕಿದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ದಪ್ಪ ತಳದ ಪಾತ್ರೆ ಇರಲಿ. ಸಕ್ಕರೆ ಪೂರ್ತಿ ಕರಗುವವರೆಗೆ ಸಣ್ಣ ಉರಿ, ಆಮೇಲೆ ಒಂದೇ ಸಮನೆ ಹದವಾದ ಉರಿ. ಉರಿ ಏರಿಳಿತವಾದರೆ ಬೆಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ. ಹಾಗಾದರೆ ಗಾಬರಿ ಬೇಡ, ಒಂದು ಚಮಚ ಬಿಸಿನೀರು ಹಾಕಿ ಮೆಲ್ಲಗೆ ಕಲಸಿ, ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮೊದಲು ನೊರೆ ಬಿಳಿ, ಆಮೇಲೆ ಹಳದಿ, ಕೊನೆಗೆ ಬಾದಾಮಿ ಸಿಪ್ಪೆಯ ಬಣ್ಣ. ಥರ್ಮಾಮೀಟರ್ ಇದ್ದರೆ 150 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ಅಜ್ಜಿಯಂದಿರ ಪರೀಕ್ಷೆ: ತಣ್ಣೀರಿಗೆ ಒಂದು ಹನಿ ಬಿಡಿ, ಅದನ್ನು ಮುರಿದರೆ ಸದ್ದು ಬರಬೇಕು. ಬಾಗಿದರೆ ಇನ್ನೂ ಆಗಿಲ್ಲ. ಕೂಡಲೇ ಇಳಿಸಿ, ಬೆಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ ಹರಡಿದ ಹುರಿದ ಗೋಡಂಬಿಯ ಮೇಲೆ ಸುರಿಯಿರಿ. ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಎಳೆಯಿರಿ. ಪಾಕ ಮೈಮೇಲೆ ಬಿದ್ದರೆ ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ, ಮಕ್ಕಳನ್ನು ದೂರ ಕೂರಿಸಿ. ಆರಿದ ಮೇಲೆ ಮುರಿಯುವ ಕೆಲಸ ಅವರಿಗೇ ಕೊಡಿ. ಕರಾವಳಿಯವರು ತಡಮಾಡದೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಸಕ್ಕರೆ ಗಾಳಿಯ ತೇವ ಹೀರುತ್ತದೆ, ಅಮೆರಿಕದಲ್ಲಿ ಟಾಫಿ ರಾಜನನ್ನು ಕಾಡಿದ ಅಂಟು ನಿಮ್ಮ ಮನೆಗೂ ಬಂದೀತು.

ಡಬ್ಬಿ ಕಟ್ಟಿ ಅಕ್ಕಪಕ್ಕದವರಿಗೆ ಕೊಡುವಾಗ ಒಂದು ಚೀಟಿ ಅಂಟಿಸಿ. ಒಲೆಯ ಮುಂದೆ ನಿಂತು ಕಾಯಿಸಿದವರು ಯಾರೋ, ಅಮ್ಮನೋ ಅತ್ತಿಗೆಯೋ ಮನೆಯ ಹುಡುಗನೋ, ಅವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಮನೆತನದ ಹೆಸರು ಬೇಡ, ಅವರದೇ ಹೆಸರು. ಹ್ಯಾಲಿಫ್ಯಾಕ್ಸಿನಲ್ಲಿ ಆಗದ ಕೆಲಸ ನಮ್ಮ ಬೀದಿಯಲ್ಲಾದರೂ ಆಗಲಿ.