ಗಾಜಿನ ತೊಟ್ಟಿಗೆ ಹೊಂದುವ ಮೀನುಗಳು

ನಮ್ಮ ಗುಳೇದಗುಡ್ಡದವರಿಗೆ ಬಣ್ಣ ನೋಡುವ ಕಣ್ಣು ಚೆನ್ನಾಗಿದೆ. ಖಣ ನೇಯುವ ಊರಲ್ಲವೆ? ಒಡಲಿಗೆ ಯಾವ ಬಣ್ಣ, ದಡಿಗೆ ಯಾವ ಬಣ್ಣ ಒಪ್ಪುತ್ತದೆಂಬುದನ್ನು ಮಗ್ಗದ ಮನೆಯ ಮಕ್ಕಳೂ ಹೇಳಬಲ್ಲರು. ಆದರೆ ಅದೇ ಕಣ್ಣನ್ನು ನಂಬಿ ಮೀನಿನ ಅಂಗಡಿಗೆ ಹೋದರೆ ಮೋಸಹೋಗುತ್ತೇವೆ. ಕೆಂಪಿನದೊಂದು, ಕಪ್ಪಿನದೊಂದು, ಪಟ್ಟೆಯದೊಂದು ಎಂದು ಆರಿಸಿ ತಂದು ಒಂದೇ ತೊಟ್ಟಿಗೆ ಬಿಡುತ್ತೇವೆ. ಹದಿನೈದು ದಿನ ಕಳೆಯುವುದರೊಳಗೆ ಒಂದು ಸತ್ತು ತೇಲುತ್ತದೆ. ಇನ್ನೊಂದರ ಬಾಲ ಹರಿದಿರುತ್ತದೆ. ಮತ್ತೊಂದು ಎಲ್ಲಿ ಹೋಯಿತೆಂಬುದೇ ತಿಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲೊಂದು ಗಾಜಿನ ತೊಟ್ಟಿ ಇಟ್ಟು ಹತ್ತು ಜೀಬ್ರಾ ಮೀನುಗಳನ್ನು ಬಿಟ್ಟಿದ್ದೆ. ಮಳೆಗಾಲದಲ್ಲಿ ಹುಡುಗನೊಬ್ಬ ಹೊಂಡದಿಂದ ಬೆರಳುದ್ದದ ಮೀನೊಂದನ್ನು ಡಬ್ಬಿಯಲ್ಲಿ ತಂದು, “ಸರ, ಇದನ್ನೂ ಬಿಡ್ರಿ, ಪಾಪ ಒಂದ ಐತಿ” ಎಂದ. ಬಿಟ್ಟೆ. ಆಮೇಲೆ ವಾರವಾರಕ್ಕೂ ಜೀಬ್ರಾ ಮೀನುಗಳ ಲೆಕ್ಕ ಇಳಿಯತೊಡಗಿತು. ತೊಟ್ಟಿಯ ಮುಚ್ಚಳ ನೋಡಿಕೊಳ್ಳುತ್ತಿದ್ದ ಬೇರೊಬ್ಬ ಹುಡುಗನೇ ಅಲಕ್ಷ್ಯ ಮಾಡಿದನೆಂದು ಬಗೆದು ಅವನನ್ನು ಎಲ್ಲರೆದುರು ಗದರಿಸಿದೆ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬನೇ ಕುಳಿತಿದ್ದಾಗ, ಹೊಂಡದಿಂದ ಬಂದ ಆ ಮೀನು ಕಲ್ಲಿನ ಮರೆಯಿಂದ ನುಗ್ಗಿ ಒಂದು ಜೀಬ್ರಾ ಮೀನನ್ನು ಇಡಿಯಾಗಿ ನುಂಗಿದ್ದನ್ನು ಕಂಡೆ. ಅದು ಕೊರವ ಮೀನಿನ ಮರಿ; ಹಾವಿನಂತಹ ತಲೆಯದು, ಬೇಟೆಯಾಡಿ ಬದುಕುವ ಜಾತಿ. ಅದರ ಹಸಿವಿನಲ್ಲಿ ತಪ್ಪಿರಲಿಲ್ಲ, ಹುಡುಗನಲ್ಲಂತೂ ಇರಲೇ ಇಲ್ಲ. ಮರುದಿನ ಎಲ್ಲರೆದುರಿಗೇ ನನ್ನ ತಪ್ಪನ್ನು ಒಪ್ಪಿಕೊಂಡೆ. ಕೊರವನಿಗೆ ಬೇರೆ ತೊಟ್ಟಿಯಾಯಿತು.

ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆ. ಅವನ ಉದ್ದೇಶ ಗಾಳ ಹಾಕುವುದೇ ಆದರೂ, ಯಾವ ಮೀನು ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ ಎಂಬುದನ್ನು ವಿಚಾರಿಸಿದ್ದಾನೆ. ಮೀನು ಹಿಡಿಯುವವನಿಗೇ ಇಷ್ಟು ವಿಚಾರ ಬೇಕಾದರೆ ಸಾಕುವವನಿಗೆ ಎಷ್ಟು ಬೇಕು! ನನ್ನ ಅನುಭವದಲ್ಲಿ ನೋಡಬೇಕಾದವು ಮೂರು: ನೀರು, ಬಾಯಿ, ನಡತೆ.

ಮೊದಲನೆಯದು ನೀರು. ನಿಯಾನ್ ಟೆಟ್ರಾ ಎಂಬ ಹೊಳೆಯುವ ಮೀನು ಅಮೆಜಾನ್ ಸೀಮೆಯದು. ಅಲ್ಲಿಯ ನೀರು ಮೆದು, ತುಸು ಹುಳಿ. ಮೋಲಿ ಮೀನಿಗೆ ಗಡಸು ನೀರು ಬೇಕು. ಚೀನದಲ್ಲಿ ಶತಮಾನಗಳಿಂದ ಸಾಕಿಕೊಂಡು ಬಂದ ಚಿನ್ನದ ಮೀನಿಗೆ ತಂಪು ಬೇಕು, ವಿಶಾಲ ಸ್ಥಳವೂ ಬೇಕು. ದುಂಡು ಬುರುಡೆಯಲ್ಲಿ ಅದನ್ನಿಡುವುದು ಸೆರೆಯಲ್ಲಿಟ್ಟಂತೆ. ಈ ಮೂವರನ್ನೂ ಒಂದೇ ನೀರಿನಲ್ಲಿಟ್ಟರೆ ಯಾರಾದರೊಬ್ಬರು ಸೊರಗಲೇಬೇಕು. ಆದುದರಿಂದ ಮೊದಲು ಒಂದು ಹೊಳೆಯನ್ನು ಆರಿಸಿಕೊಳ್ಳಿ, ಮೀನು ಅನಂತರ.

ಎರಡನೆಯದು ಬಾಯಿ. ಒಂದು ಮೀನಿನ ಬಾಯಿಯಲ್ಲಿ ಹಿಡಿಸುವ ಇನ್ನೊಂದು ಮೀನು ಅದಕ್ಕೆ ನೆರೆಯವನಲ್ಲ, ಊಟ. ಇಂದಿನ ಬಾಯಲ್ಲ, ಬೆಳೆದ ಮೇಲಿನ ಬಾಯಿಯನ್ನು ಲೆಕ್ಕ ಹಿಡಿಯಬೇಕು. ಬಾಯಿ ಯಾವ ಕಡೆಗೆ ತಿರುಗಿದೆಯೆಂಬುದನ್ನೂ ನೋಡಿ. ಮೇಲ್ಮುಖವಾದ ಬಾಯಿಯವು ನೀರಿನ ಮೇಲಂತಸ್ತಿನವು. ನೇರ ಬಾಯಿಯವು ನಡುವಿನವು. ಕೆಳಮುಖ ಬಾಯಿಯವು ತಳದವು. ಮೂರಂತಸ್ತಿಗೂ ಒಕ್ಕಲು ಹಂಚಿದರೆ ನೂಕುನುಗ್ಗಲು ಇರುವುದಿಲ್ಲ.

ಮೂರನೆಯದು ನಡತೆ. ಗುಂಪಿನಲ್ಲಿ ಬಾಳುವ ಮೀನನ್ನು ಒಂಟಿಯಾಗಿಟ್ಟರೆ ಅದು ಅಂಜುತ್ತದೆ, ಇಲ್ಲವೆ ಇತರರನ್ನು ಕಾಡುತ್ತದೆ. ಅಂತಹವು ಆರಕ್ಕೆ ಕಡಿಮೆ ಇರಬಾರದು.

ಈ ಮೂರಕ್ಕೂ ಒಪ್ಪುವ ಒಂದು ಒಕ್ಕಲನ್ನು ನಮ್ಮ ನಾಡಿನಿಂದಲೇ ಹೇಳುತ್ತೇನೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲಡಿ ಎತ್ತರದ ತೊಟ್ಟಿ. ಸುಮಾರು 85 ಲೀಟರ್ ನೀರು. ಮೇಲಂತಸ್ತಿಗೆ ಎಂಟು ಜೀಬ್ರಾ ಮೀನು. ನಡುವೆ ಆರು ಟಿಕ್ಟೊ. ಗೆಂಡೆಯ ವಂಶದ, ಮೈಮೇಲೆ ಎರಡು ಕಪ್ಪು ಚುಕ್ಕೆಯ ಬೆಳ್ಳಿಯ ಮೀನು. ತಳಕ್ಕೆ ನಾಲ್ಕು ಲೋಚ್ ಮೀನು. ಮೀಸೆಯುಳ್ಳವು, ಮರಳಿನಲ್ಲಿ ಹೂತುಕೊಂಡು ಕಣ್ಣಷ್ಟನ್ನೇ ಹೊರಗಿಡುವವು. ಟಿಕ್ಟೊ ಮತ್ತು ಲೋಚ್ ಕೃಷ್ಣೆಯ ಜಲಾನಯನದವೇ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತತೊಡಗಿ ಆ ಪ್ರವಾಸವನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್‌ರ ಹೆಸರನ್ನು ನೀವು ಕೇಳಿರಬಹುದು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಧರಿಸಿದ ಅವರೇ ಗಂಗೆಯ ಮೀನುಗಳನ್ನು ಕುರಿತ 1822ರ ಗ್ರಂಥದಲ್ಲಿ ಜೀಬ್ರಾ ಮೀನನ್ನೂ ಟಿಕ್ಟೊವನ್ನೂ ಮೊದಲಿಗೆ ವರ್ಣಿಸಿದರು.

ಟಿಕ್ಟೊ ಇರುವಲ್ಲಿ ಉದ್ದ ರೆಕ್ಕೆಯ ಏಂಜೆಲ್ ಮೀನನ್ನು ಬಿಡಬೇಡಿ. ರೆಕ್ಕೆ ಕಚ್ಚಿಸಿಕೊಂಡು ಬಳಲೀತು. ಹೊಳೆಯ ಬಂಡೆಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಗಾರಾ ಎಂಬ ಮೀನೂ ನಮ್ಮದೇ. ಆದರೆ ಅದಕ್ಕೆ ಓಡುವ ನೀರು ಬೇಕು. ಈ ತೊಟ್ಟಿಗೆ ಬೇಡ.

ಇನ್ನು ಮನೆ ಕಟ್ಟುವ ಮಾತು. ತಳಕ್ಕೆ ತೊಳೆದ ನುಣುಪು ಮರಳು ಹಾಕಿ. ಜಲ್ಲಿಯಾದರೆ ಲೋಚ್ ಹೂತುಕೊಳ್ಳಲಾರದು. ಕಲ್ಲಿನ ಮೇಲೆ ಲಿಂಬೆಯ ರಸ ಹಿಂಡಿ ನೋಡಿ; ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ, ನೀರು ಗಡಸಾಗುತ್ತದೆ. ಬಾಗಲಕೋಟೆಯ ಕಡೆಯ ಸುಣ್ಣದಕಲ್ಲಿಗಿಂತ ನಮ್ಮ ಗುಡ್ಡದ ಮರಳುಗಲ್ಲು ಲೇಸು. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಡಿ. ಹೈಡ್ರಿಲ್ಲದಂತಹ ಜಲಸಸ್ಯವನ್ನು ಹಿಂಬದಿಗೆ ನೆಟ್ಟು, ಈಜಲು ಮುಂದಣ ಜಾಗ ಬಿಡಿ. ಎಲ್ಲ ಮೀನುಗಳನ್ನೂ ಒಂದೇ ದಿನ ಬಿಡಬೇಡಿ. ಮೀನಿನ ಮಲಿನದಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ಸೋಸುಕದಲ್ಲಿ ನೆಲೆಯಾಗಲು ನಾಲ್ಕಾರು ವಾರ ಬೇಕು. ಮೊದಲು ನಾಲ್ಕು ಜೀಬ್ರಾ ಬಿಟ್ಟು, ಅವು ಚೆನ್ನಾಗಿದ್ದರೆ ಉಳಿದವನ್ನು ನಿಧಾನವಾಗಿ ತನ್ನಿ. ಮೇವನ್ನು ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ.

ಲೋಚ್‌ಗಾಗಿ ಮಲಪ್ರಭೆಗೆ ಹೋಗುವವರಿಗೊಂದು ಮಾತು. ಮಳೆಗಾಲ ಮೀನುಗಳು ಮೊಟ್ಟೆಯಿಡುವ ಕಾಲ, ದೀಪಾವಳಿ ಕಳೆಯಲಿ. ಬೇಕಾದ ನಾಲ್ಕನ್ನಷ್ಟೇ ತನ್ನಿ. ದೇವರ ಹೊಂಡಗಳಿಗೆ ಕೈಹಾಕಬೇಡಿ.

ಕೊನೆಯದಾಗಿ, ಸಾಕಿ ಬೇಸರವಾದ ಮೀನನ್ನು ಪುಣ್ಯ ಬರಲೆಂದು ಕೆರೆಗೋ ಹೊಳೆಗೋ ಬಿಡುವವರಿದ್ದಾರೆ. ಅದು ಪುಣ್ಯವಲ್ಲ. ಸೊಳ್ಳೆಮರಿಗಳನ್ನು ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯ ಇತರ ಮೀನುಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. 1952ರಲ್ಲಿ ಬಂದ ತಿಲಾಪಿಯ ನಮ್ಮ ಎಷ್ಟೋ ಕೆರೆಗಳಲ್ಲಿ ನೆಲೆಯೂರಿದೆ. ನನ್ನ ತೊಟ್ಟಿಗೆ ಬಂದ ಒಂದು ಕೊರವ ಹತ್ತು ಮೀನುಗಳ ಸಂಸಾರವನ್ನು ಕೆಡಿಸಿತು. ಹೊಳೆಗೆ ಬಿಟ್ಟ ಪರದೇಶದ ಮೀನು ಹೊಳೆಯನ್ನೇ ಕೆಡಿಸೀತು. ಗಾಜಿನ ತೊಟ್ಟಿಯ ತಪ್ಪನ್ನು ನಾನು ತಿದ್ದಿಕೊಳ್ಳಬಹುದಾಗಿತ್ತು. ಹೊಳೆಯಿಂದ ಆ ಮೀನನ್ನು ಮರಳಿ ಹಿಡಿದು ತೆಗೆಯುವವರು ಯಾರು? ಬೇಡವಾದ ಮೀನನ್ನು ಅಂಗಡಿಗೆ ಮರಳಿ ಕೊಡಿ, ಇಲ್ಲವೆ ಸಾಕಬಲ್ಲ ನೆರೆಯವರಿಗೆ ಕೊಡಿ.