ಸೊಳ್ಳೆ ಬಿಡೋಕೆ ಬಂದರೆ ಮೊದಲು ಕೇಳಿಸ್ಕೊಳ್ಳಿ



ಮಳೆಗಾಲ ಬಂತು ಅಂದ್ರೆ ನಮ್ಮ ನ್ಯೂಸ್ ರೂಮ್‌ನಲ್ಲಿ ಒಂದು ಗ್ರಾಫಿಕ್ಸ್ ಹೊರಗೆ ಬರುತ್ತೆ. ಪರದೆ ತುಂಬ ಒಂದು ಸೊಳ್ಳೆ, ಹಿಂದೆ ಕೆಂಪು ಬಣ್ಣ, ಪಕ್ಕದಲ್ಲಿ ಕೇಸ್‌ಗಳ ಲೆಕ್ಕ, ಪ್ಲೇಟ್‌ಲೆಟ್ ಲೆಕ್ಕ. ಚಳಿಗಾಲ ಬಂದಾಗ ಅದು ಒಳಗೆ ಹೋಗುತ್ತೆ. ಮುಂದಿನ ವರ್ಷ ಮತ್ತೆ ಅದೇ ಸೊಳ್ಳೆ, ಅದೇ ಕೆಂಪು. ಇವತ್ತೂ ನಾನು ಸೊಳ್ಳೆ ಬಗ್ಗೇನೇ ಮಾತಾಡ್ತೀನಿ. ಆದರೆ ಹೆದರಿಸೋಕಲ್ಲ.

2024ರ ಸೆಪ್ಟೆಂಬರ್ ನೆನಪಿದೆಯಾ? ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆ ಹತ್ತಿರ ಸೊಳ್ಳೆ ಮರಿ ಮಾಡೋಕೆ ಜಾಗ ಕೊಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ. ದಂಡ ಇರಲಿ, ತಪ್ಪಲ್ಲ. ಆದರೆ ಈ ಈಡಿಸ್ ಈಜಿಪ್ಟೈ ಸೊಳ್ಳೆ ಎಂಥ ಪಾಕಡಾ ಅಂತ ಸ್ವಲ್ಪ ನೋಡಿ. ಚರಂಡಿ ಇದಕ್ಕೆ ಬೇಕಿಲ್ಲ. ನಿಮ್ಮ ಮನೆಯ ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಎಳನೀರು ಬುರುಡೆ ಸಾಕು. ಇದರ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿ ಕೂತಿರುತ್ತೆ, ಮಳೆ ಬಿದ್ದ ತಕ್ಷಣ ಮರಿಯಾಗುತ್ತೆ. ಕಚ್ಚೋದು ಹಗಲಿನಲ್ಲಿ. ಸಂಜೆ ಬೀದಿಯಲ್ಲಿ ಹೊಗೆ ಹಾಕ್ಕೊಂಡು ಹೋದರೆ, ಇದು ಮನೆಯೊಳಗೆ ಮಂಚದ ಕೆಳಗೆ ಆರಾಮಾಗಿ ಕೂತಿರುತ್ತೆ.

ಹಾಗಾದರೆ ಬೇರೆ ದಾರಿ ಇಲ್ವಾ? ಇದೆ. ಆ ದಾರಿ ತೋರಿಸಿದ್ದು ಒಂದು ಬ್ಯಾಕ್ಟೀರಿಯಾ.

ನಾನು ಓದಿದ್ದು ಎಂಜಿನಿಯರಿಂಗು. ಬ್ಯಾಕ್ಟೀರಿಯಾ ಅಂದ್ರೆ ಕಾಯಿಲೆ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಇದರ ಕಥೆ ಬೇರೆ. ಹೆಸರು ವೊಲ್ಬಾಕಿಯಾ. 1924ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಹರ್ಟಿಗ್ ಮತ್ತು ವೊಲ್ಬಾಕ್, ಇದನ್ನು ಸೊಳ್ಳೆಯೊಳಗೆ ಮೊದಲು ಕಂಡರು. ಚಿಟ್ಟೆ, ಹಣ್ಣಿನ ನೊಣ ಹೀಗೆ ಲೋಕದ ಸುಮಾರು ಅರ್ಧದಷ್ಟು ಕೀಟ ಜಾತಿಗಳಲ್ಲಿ ಇದು ವಾಸ ಮಾಡುತ್ತೆ. ಡೆಂಗ್ಯೂ ಹರಡೋ ಈಡಿಸ್ ಈಜಿಪ್ಟೈಯಲ್ಲಿ ಮಾತ್ರ ಸಹಜವಾಗಿ ಇರಲಿಲ್ಲ.

ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಅವರ ತಂಡ ಹಣ್ಣಿನ ನೊಣದ ವೊಲ್ಬಾಕಿಯಾವನ್ನು ತೆಗೆದು, ಕೂದಲಿಗಿಂತ ಸಣ್ಣ ಸೂಜಿಯಲ್ಲಿ ಈಡಿಸ್ ಸೊಳ್ಳೆಯ ಮೊಟ್ಟೆಗೆ ಚುಚ್ಚಿತು. ಸಾವಿರಾರು ಮೊಟ್ಟೆ ಹಾಳಾದವು. ಕೊನೆಗೂ ಹಿಡೀತು. 2009ರಲ್ಲಿ ಗೊತ್ತಾಗಿದ್ದು ಏನು ಅಂದ್ರೆ, ಈ ಬ್ಯಾಕ್ಟೀರಿಯಾ ಒಳಗಿದ್ದರೆ ಡೆಂಗ್ಯೂ ವೈರಸ್ಸಿಗೆ ಸೊಳ್ಳೆಯ ಮೈಯಲ್ಲಿ ಬೆಳೆಯೋಕೆ ಕಷ್ಟ. ವೈರಸ್ ಬೆಳೆಯದಿದ್ದರೆ ಸೊಳ್ಳೆ ಕಚ್ಚಿದರೂ ರೋಗ ದಾಟೋದು ಕಷ್ಟ.

ಇನ್ನೊಂದು ಚಂದ ನೋಡಿ. ವೊಲ್ಬಾಕಿಯಾ ಇರೋ ಹೆಣ್ಣು ಸೊಳ್ಳೆಯ ಮರಿಗಳಿಗೂ ಅದು ತಾಯಿಯಿಂದಲೇ ಬರುತ್ತೆ. ವೊಲ್ಬಾಕಿಯಾ ಇರೋ ಗಂಡು, ಅದಿಲ್ಲದ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆ ಒಡೆಯೋದೇ ಇಲ್ಲ. ಹಾಗಾಗಿ ತಲೆಮಾರು ಕಳೆದಂತೆ ಊರಿನ ಸೊಳ್ಳೆಗಳೆಲ್ಲ ನಿಧಾನಕ್ಕೆ ಬದಲಾಗುತ್ತವೆ. ಪದೇ ಪದೇ ವಿಷ ಸಿಂಪಡಿಸೋದು ಬೇಡ. ಕೆರೆಯ ಮೀನಿಗೂ, ಹೂವಿನ ಜೇನ್ನೊಣಕ್ಕೂ ತೊಂದರೆ ಇಲ್ಲ.

ಕಾಗದದ ಮೇಲೆ ಎಲ್ಲವೂ ಚೆಂದ, ಊರಿನಲ್ಲಿ ನಡೆಯುತ್ತಾ ಅಂತ ನೀವು ಕೇಳ್ತೀರಿ. ನಾನೂ ಅದನ್ನೇ ಕೇಳಿದೆ. ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ಆದಿ ಉತಾರಿನಿ ಅನ್ನೋ ವಿಜ್ಞಾನಿಯ ನೇತೃತ್ವದ ತಂಡ ಇದನ್ನು ಪರೀಕ್ಷೆ ಮಾಡಿತು. ನಗರವನ್ನು 24 ಭಾಗ ಮಾಡಿದರು. 12 ಭಾಗಗಳಲ್ಲಿ ಮಾತ್ರ ವೊಲ್ಬಾಕಿಯಾ ಸೊಳ್ಳೆ ಬಿಟ್ಟರು. ಆಮೇಲೆ ಜ್ವರ ಅಂತ ಆರೋಗ್ಯ ಕೇಂದ್ರಕ್ಕೆ ಬಂದವರ ರಕ್ತ ಪರೀಕ್ಷೆ. ಸೊಳ್ಳೆ ಬಿಟ್ಟ ಕಡೆ 2,905 ಮಂದಿಯಲ್ಲಿ 67 ಜನರಿಗೆ ಡೆಂಗ್ಯೂ. ಬಿಡದ ಕಡೆ 3,401 ಮಂದಿಯಲ್ಲಿ 318 ಜನರಿಗೆ. ಲೆಕ್ಕ ಹಾಕಿದರೆ ಡೆಂಗ್ಯೂ ಶೇ. 77ರಷ್ಟು ಕಡಿಮೆ. ಆಸ್ಪತ್ರೆ ಸೇರುವಷ್ಟು ಜೋರಾದ ಡೆಂಗ್ಯೂ ಶೇ. 86ರಷ್ಟು ಕಡಿಮೆ. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದು ಮಂತ್ರದಂಡ ಅಂತ ನಾನು ಹೇಳ್ತಿಲ್ಲ. ಸೊಳ್ಳೆ ಕಚ್ಚೋದು ನಿಲ್ಲಲ್ಲ. ಮಲೇರಿಯಾ ಹರಡೋ ಸೊಳ್ಳೆಯೇ ಬೇರೆ, ಅದಕ್ಕೆ ಈ ಯೋಗ್ಯಕರ್ತದ ಮದ್ದು ನಾಟಲ್ಲ. ಬಿಸಿಲು ಜಾಸ್ತಿಯಾದರೆ ಕೆಲವು ತಳಿಯ ವೊಲ್ಬಾಕಿಯಾ ಸೋಲುತ್ತೆ. ನಮ್ಮ ರಾಯಚೂರು, ಕಲಬುರಗಿ ಬಿಸಿಲಿಗೆ ಯಾವ ತಳಿ ತಡೆಯುತ್ತೆ ಅಂತ ಇಲ್ಲೇ ಪರೀಕ್ಷೆ ಮಾಡಿ ನೋಡಬೇಕು.

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ಐಸಿಎಂಆರ್‌ಗೆ ಸೇರಿದ ಪುದುಚೇರಿಯ ಸಂಶೋಧನಾ ಕೇಂದ್ರ, ಎರಡು ತಳಿಯ ವೊಲ್ಬಾಕಿಯಾ ಇರೋ ಈಡಿಸ್ ಸೊಳ್ಳೆಗಳನ್ನು ಸಿದ್ಧ ಮಾಡಿರೋದಾಗಿ 2022ರಲ್ಲಿ ಹೇಳಿತು. ಅದನ್ನು ಹೊರಗೆ ಬಿಡೋಕೆ ಸರ್ಕಾರದ ಅನುಮತಿ ಬೇಕು. ನಿಮ್ಮ ಅನುಮತಿಯೂ ಬೇಕು. ನನ್ನ ಇವತ್ತಿನ ಮಾತು ಇರೋದು ಇಲ್ಲೇ.

ಯಾಕೆ ಅಂದ್ರೆ ನಾವು ಒಂದು ಸಲ ಈ ಪರೀಕ್ಷೆಯಲ್ಲಿ ಫೇಲ್ ಆಗಿದ್ದೀವಿ. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ದೆಹಲಿಯಲ್ಲಿ ಒಂದು ಘಟಕ ಮಾಡಿದ್ದವು. ಸಂತಾನಶಕ್ತಿ ಇಲ್ಲದ ಗಂಡು ಸೊಳ್ಳೆ ಬಿಟ್ಟು ಸೊಳ್ಳೆ ಕಡಿಮೆ ಮಾಡೋ ಯೋಜನೆ. ದುಡ್ಡು ಅಮೆರಿಕದ್ದು. 1974ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು, ಇದು ಜೈವಿಕ ಯುದ್ಧದ ತಯಾರಿ ಅಂತ. ಸಂಸತ್ತಿನವರೆಗೂ ಗಲಾಟೆ ಹೋಯಿತು. ಹರಿಯಾಣದ ಸೋನಿಪತ್‌ನಲ್ಲಿ ಸೊಳ್ಳೆ ಬಿಡೋ ಕಾರ್ಯಕ್ರಮ ರದ್ದಾಯಿತು. 1975ರಲ್ಲಿ ಘಟಕಕ್ಕೆ ಬೀಗ ಬಿತ್ತು.

ಪತ್ರಕರ್ತರು ಪ್ರಶ್ನೆ ಕೇಳಿದ್ದು ತಪ್ಪಾ? ಖಂಡಿತ ಅಲ್ಲ. ಹೊರಗಿನ ದುಡ್ಡು, ನಮ್ಮ ಊರು, ನಮ್ಮ ಜನ, ಕೇಳಲೇಬೇಕಿತ್ತು. ಆದರೆ ಕೇಳಿದವರಿಗೆ ನೆಟ್ಟಗೆ ಉತ್ತರ ಸಿಗಲಿಲ್ಲ, ಉತ್ತರ ಇಲ್ಲದ ಕಡೆ ಭಯ ಬೆಳೀತು. ಯೋಗ್ಯಕರ್ತದಲ್ಲಿ ಏನು ಮಾಡಿದರು ಗೊತ್ತಾ? ಮೊದಲು ಜನರ ಹತ್ತಿರ ಹೋದರು. ಕೂರಿಸಿ ವಿವರಿಸಿದರು, ಒಪ್ಪಿಗೆ ಕೇಳಿದರು. ಸೊಳ್ಳೆ ಮೊಟ್ಟೆ ಇರೋ ಬಕೆಟ್ಟನ್ನು ಜನ ತಮ್ಮ ಮನೆ ಅಂಗಳದಲ್ಲೇ ಇಟ್ಟುಕೊಂಡರು. ಸೊಳ್ಳೆಯನ್ನು ತಾವೇ ಕರೆದು ಸಾಕಿದ ಹಾಗೆ!

ನಾಳೆ ನಮ್ಮ ಊರಿಗೂ ಯಾರೋ ಬಂದು 'ಅಮ್ಮಾ, ನಿಮ್ಮ ಬೀದಿಯಲ್ಲಿ ಸೊಳ್ಳೆ ಬಿಡ್ತೀವಿ' ಅಂತ ಹೇಳಬಹುದು. ಆಗ ಓಡಿಸಬೇಡಿ. ಕಣ್ಣು ಮುಚ್ಕೊಂಡು ಹೂಂ ಅನ್ನಲೂ ಬೇಡಿ. ಕೂರಿಸಿ ಕೇಳಿ. ಯಾವ ತಳಿ? ಎಲ್ಲಿ ಪರೀಕ್ಷೆ ಆಗಿದೆ? ತೊಂದರೆಯಾದರೆ ಯಾರು ಹೊಣೆ? ಲೆಕ್ಕ ಯಾರು ಇಡ್ತಾರೆ? ಉತ್ತರ ಕೊಡೋದು ಅವರ ಕೆಲಸ.

ನಮ್ಮ ಕೆಲಸವೂ ಒಂದಿದೆ. ಅವತ್ತು ಪರದೆ ಮೇಲೆ 'ಸೊಳ್ಳೆ ಬಾಂಬ್' ಅಂತ ಬರೆದರೆ ಹತ್ತು ಸೆಕೆಂಡಿಗೆ ನಿಮ್ಮ ಕಣ್ಣು ನಮ್ಮ ಕಡೆ ತಿರುಗುತ್ತೆ. ಆ ಹತ್ತು ಸೆಕೆಂಡಿನ ಬೆಲೆಯನ್ನು ಯಾವುದೋ ವಾರ್ಡಿನಲ್ಲಿ ಡ್ರಿಪ್ ಹಾಕಿಸ್ಕೊಂಡು ಮಲಗಿರೋ ಮಗು ಕಟ್ಟಬೇಕಾಗುತ್ತೆ. ಅವತ್ತು ನಾನು ಹಾಗೆ ಬರೆದರೆ, ಇವತ್ತಿನ ಈ ಮಾತನ್ನು ನನಗೇ ತೋರಿಸಿ.

ಅಲ್ಲಿಯವರೆಗೆ ವಾರಕ್ಕೊಮ್ಮೆ ಡ್ರಮ್ಮು ತೊಳೆದು ಒಣಗಿಸಿ. ಸಂಪಿನ ಮುಚ್ಚಳ ಹಾಕಿ. ಜ್ವರ ಬಂದರೆ ಪಪ್ಪಾಯಿ ಎಲೆ ಹುಡುಕೋ ಮೊದಲು ಡಾಕ್ಟರ ಹತ್ತಿರ ಹೋಗಿ.