ಬಣ್ಣದ ಕೋಶಗಳಿಗೆ ಬರುವ ಕರೆ

ಮಕ್ಕಳೇ, ನಮ್ಮ ಕಮಲಾಪುರದ ಹತ್ತಿರ ದರೋಜಿ ಕರಡಿಧಾಮ ಇದೆಯಲ್ಲ, ಸಂಜೆ ಹೊತ್ತು ಅಲ್ಲಿನ ವೀಕ್ಷಣಾ ಗೋಪುರದ ಮೇಲೆ ಸದ್ದು ಮಾಡದೆ ಕುಳಿತರೆ ಎದುರಿನ ಬಂಡೆಗಳ ಸಂದಿನಿಂದ ಕರಡಿಗಳು ಇಳಿದು ಬರುತ್ತವೆ. ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕುವ ಆಸೆ ಅವಕ್ಕೆ. ಮೈತುಂಬ ಕಪ್ಪು ಜೂಲು. ಆದರೆ ಒಂದು ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತೆನ್ನಿ, ಎದೆಯ ಮೇಲೆ ‘ವಿ’ ಆಕಾರದ ಕೆನೆಬಣ್ಣದ ಪಟ್ಟೆ ಎದ್ದು ಕಾಣುತ್ತದೆ. ಅಲ್ಲಿನ ಕೂದಲಿಗೆ ಮಾತ್ರ ಕಪ್ಪು ಬಣ್ಣ ಸಿಕ್ಕಿಲ್ಲ.

ಇಂಥದ್ದನ್ನು ನೋಡಲು ಕಾಡಿಗೇ ಹೋಗಬೇಕೆಂದಿಲ್ಲ. ಸಂಡೂರಿನ ಬೀದಿಯಲ್ಲಿ ಮಲಗಿರುವ ನಾಯಿಗಳನ್ನು ಗಮನಿಸಿ. ಮುಟ್ಟುವುದು ಬೇಡ, ದೂರದಿಂದ ನೋಡಿದರೆ ಸಾಕು. ಕಪ್ಪು ಅಥವಾ ಕಂದು ನಾಯಿಯ ಮೈಮೇಲೆ ಬಿಳಿ ಇದ್ದರೆ ಎಲ್ಲಿರುತ್ತದೆ? ಎದೆ, ಹೊಟ್ಟೆ, ಪಾದ, ಬಾಲದ ತುದಿ. ಬೆನ್ನು ಬಿಳಿಯಾಗಿ ಹೊಟ್ಟೆ ಮಾತ್ರ ಕಪ್ಪಾಗಿರುವ ನಾಯಿ ಸಿಗುವುದು ಬಲು ಅಪರೂಪ.

ಇದಕ್ಕೆ ಕಾರಣ ನಾಯಿಮರಿ ಹುಟ್ಟುವ ಮೊದಲೇ ನಡೆದುಹೋಗಿರುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಕೋಶಗಳಿಗೆ ಮೆಲನೋಸೈಟ್ ಎಂದು ಹೆಸರು. ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ ಇವುಗಳ ಮೂಲ ಕೋಶಗಳು ಬೆನ್ನಿನ ನಡುಗೆರೆಯ ಬಳಿ ಹುಟ್ಟುತ್ತವೆ. ಅಲ್ಲಿಂದ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತ, ಎರಡೂ ಪಕ್ಕದಿಂದ ಕೆಳಗಿಳಿಯುತ್ತ ಹೊಟ್ಟೆಯ ಕಡೆಗೆ, ಕಾಲುಗಳ ಕಡೆಗೆ ಹರಡುತ್ತವೆ. ದಾರಿಯಲ್ಲಿ ಅವು ಸಾಯದೆ ಉಳಿದು ಹೆಚ್ಚಬೇಕಾದರೆ ಸುತ್ತಲಿನ ಕೋಶಗಳು ಕೆಲವು ಪ್ರೋಟೀನುಗಳನ್ನು ಕೊಡುತ್ತಿರಬೇಕು. ಇಂಥ ಪ್ರೋಟೀನುಗಳನ್ನೇ ಬೆಳವಣಿಗೆ ಪ್ರಚೋದಕಗಳು ಎನ್ನುತ್ತಾರೆ. ಅವುಗಳಲ್ಲಿ ಮುಖ್ಯವಾದ ಒಂದನ್ನು ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ. ಅದರ ಹೆಸರು ‘ಸ್ಟೆಮ್ ಸೆಲ್ ಫ್ಯಾಕ್ಟರ್’. ಅದನ್ನು ಹಿಡಿದುಕೊಳ್ಳಲು ಬಣ್ಣದ ಕೋಶದ ಮೈಮೇಲೆ ‘ಕಿಟ್’ ಎಂಬ ಗ್ರಾಹಕ ಇದೆ. ಈ ಎರಡರಲ್ಲಿ ಯಾವುದು ಕೆಟ್ಟರೂ ಬಣ್ಣದ ಕೋಶಗಳು ಸಾಕಷ್ಟು ಹೆಚ್ಚುವುದಿಲ್ಲ. ಬೆನ್ನಿನಿಂದ ದೂರವಿರುವ ಜಾಗಗಳು ಬಿಳಿಯಾಗಿಯೇ ಉಳಿಯುತ್ತವೆ. ಕಿಟ್ ಸರಿಯಿಲ್ಲದ ಕೆಲವು ಮನುಷ್ಯರು ಹುಟ್ಟುವಾಗಲೇ ನೆತ್ತಿಯ ಮುಂಭಾಗದಲ್ಲಿ ಒಂದು ಗೊಂಚಲು ಬಿಳಿ ಕೂದಲು ಹೊತ್ತು ಬರುತ್ತಾರೆ.

ಹುಟ್ಟಿದ ಮೇಲೂ ಈ ಕೋಶಗಳಿಗೆ ನೆರೆಯವರ ಆಸರೆ ಬೇಕೇ ಬೇಕು. 1980ರ ದಶಕದಲ್ಲಿ ವಿಜ್ಞಾನಿಗಳು ಮನುಷ್ಯನ ಬಣ್ಣದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ನೋಡಿದಾಗ ಇದು ಚೆನ್ನಾಗಿ ಗೊತ್ತಾಯಿತು. ಒಂಟಿಯಾಗಿ ಬಿಟ್ಟರೆ ಅವು ಬೆಳೆಯಲೊಲ್ಲವು. ಚರ್ಮದ ಸಾಮಾನ್ಯ ಕೋಶಗಳು ಕೊಡುವ ಪ್ರೋಟೀನು ಸಿಕ್ಕರೆ ಹೆಚ್ಚುತ್ತವೆ. ನಿಮ್ಮ ಚರ್ಮದಲ್ಲಿ ಒಂದೊಂದು ಬಣ್ಣದ ಕೋಶವೂ ಸುಮಾರು 36 ಸಾಮಾನ್ಯ ಕೋಶಗಳ ನಡುವೆ ಕೈಚಾಚಿಕೊಂಡು ಕುಳಿತಿದೆ.

ಈಗ ಕಂಪ್ಲಿಯ ಗದ್ದೆಗೆ ಬನ್ನಿ. ನಾಟಿ ಮಾಡುವ ಹೆಣ್ಣುಮಕ್ಕಳು ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಸಂಜೆ ಅಂಗಿಯ ತೋಳು ಮಡಚಿದಾಗ ಮಣಿಕಟ್ಟಿನ ಬಳಿ ನೋಡಿ. ತೋಳು ಮುಗಿದಲ್ಲಿಗೆ ಸರಿಯಾಗಿ ಒಂದು ಗೆರೆ. ಗೆರೆಯ ಈಚೆ ಗಾಢ ಬಣ್ಣ, ಆಚೆ ತಿಳಿ ಬಣ್ಣ. ಬಿಸಿಲಿನ ನೇರಳಾತೀತ ಕಿರಣ ಸಾಮಾನ್ಯ ಕೋಶಗಳ ಒಳಗಿನ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ಕೋಶಗಳು ಎಂಎಸ್‌ಎಚ್ ಎಂಬ ಹಾರ್ಮೋನನ್ನೂ ಎಂಡೋಥೀಲಿನ್ ಮೊದಲಾದ ಪ್ರಚೋದಕಗಳನ್ನೂ ಹೊರಬಿಡುತ್ತವೆ. ಅವು ತಲುಪಿದ ಕೂಡಲೇ ಬಣ್ಣದ ಕೋಶ ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸಲು ತೊಡಗುತ್ತದೆ, ಕೆಲವೊಮ್ಮೆ ತಾನೂ ಇಬ್ಭಾಗವಾಗಿ ಹೆಚ್ಚುತ್ತದೆ. ತಯಾರಾದ ಮೆಲನಿನ್ ಕಣಗಳನ್ನು ನೆರೆಯ ಕೋಶಗಳಿಗೆ ಹಂಚುತ್ತದೆ. ಆ ಕೋಶಗಳು ಅದನ್ನು ತಮ್ಮ ಡಿಎನ್‌ಎಯ ನೆತ್ತಿಯ ಮೇಲೆ ಕೊಡೆಯ ಹಾಗೆ ಹಿಡಿದುಕೊಳ್ಳುತ್ತವೆ. ಇದಕ್ಕೆಲ್ಲ ಹೊತ್ತು ಬೇಕು. ಹಾಗಾಗಿಯೇ ಚರ್ಮ ನಿಜವಾಗಿ ಕಪ್ಪಾಗುವುದು ಬಿಸಿಲುಂಡು ಎರಡು ಮೂರು ದಿನಗಳಾದ ಮೇಲೆ.

ಹಾರ್ಮೋನಿಗೂ ಬಣ್ಣಕ್ಕೂ ನಂಟಿದೆ ಎಂದು ಮೊದಲು ತೋರಿಸಿಕೊಟ್ಟದ್ದು ಕಪ್ಪೆಯ ಗೊದಮೊಟ್ಟೆಗಳು. 1916ರಲ್ಲಿ ಅಮೆರಿಕದ ಸ್ಮಿತ್ ಮತ್ತು ಆಲೆನ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿ ಗೊದಮೊಟ್ಟೆಗಳ ಪಿಟ್ಯುಟರಿ ಗ್ರಂಥಿಯನ್ನು ತೆಗೆದು ನೋಡಿದರು. ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿ ಅದು. ಅದಿಲ್ಲದೆ ಬೆಳೆದ ಕಪ್ಪು ಗೊದಮೊಟ್ಟೆಗಳು ಬೆಳ್ಳಿಬಣ್ಣಕ್ಕೆ ತಿರುಗಿದವು! ಎಂಎಸ್‌ಎಚ್ ಅಲ್ಲಿಂದಲೂ ಬರುತ್ತದೆ ಎಂದು ತಿಳಿದದ್ದು ಆಮೇಲೆ. ಕೆಲವು ಬಸುರಿಯರ ಕೆನ್ನೆಯ ಮೇಲೆ ಕಾಣುವ ಬಂಗು ಕೂಡ ಹಾರ್ಮೋನುಗಳ ಕೆಲಸವೇ. ಅದಕ್ಕೆ ಬಿಸಿಲೂ ಸೇರಿದರೆ ಇನ್ನಷ್ಟು ಗಾಢವಾಗುತ್ತದೆ.

ಒಂದು ಮಾತು ನಿಮಗೆ ಹೇಳಲೇಬೇಕು. ಕಪ್ಪು ಚರ್ಮದವರಲ್ಲೂ ಬಿಳಿ ಚರ್ಮದವರಲ್ಲೂ ಬಣ್ಣದ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಷ್ಟು, ಎಂಥದು ಎಂಬುದರಲ್ಲಷ್ಟೇ ವ್ಯತ್ಯಾಸ. ಬಣ್ಣ ಹಿಡಿದು ಯಾರಾದರೂ ಮಗುವನ್ನು ಹೀಯಾಳಿಸುವುದು ಕಿವಿಗೆ ಬಿದ್ದರೆ ನನಗೆ ತುಂಬ ಸಂಕಟವಾಗುತ್ತದೆ. ನಮ್ಮ ಹೊಸಪೇಟೆಯ ಬಿಸಿಲಿಗೆ ಮೆಲನಿನ್ ತುಂಬಿದ ಚರ್ಮಕ್ಕಿಂತ ಒಳ್ಳೆಯ ರಕ್ಷಣೆ ಯಾವುದಿದೆ? ವೈದ್ಯರನ್ನು ಕೇಳದೆ ಬೆಳ್ಳಗಾಗುವ ಕ್ರೀಮು ಹಚ್ಚಬೇಡಿ. ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳು ಚರ್ಮವನ್ನು ತೆಳುವಾಗಿಸಿ ಹಾಳುಮಾಡುತ್ತವೆ.

ಬಣ್ಣದ ಕೋಶಗಳು ಕಾಣೆಯಾಗುವುದೂ ಉಂಟು. ಹಂಪಿಯ ವಿರೂಪಾಕ್ಷ ಗುಡಿಯ ಆನೆ ಲಕ್ಷ್ಮಿಯನ್ನು ನೋಡಲು ಹೋದಾಗ ಅದರ ಸೊಂಡಿಲು, ಕಿವಿಗಳನ್ನು ಗಮನಿಸಿ. ಏಷ್ಯಾದ ಆನೆಗಳಿಗೆ ವಯಸ್ಸಾದಂತೆ ಅಲ್ಲಿನ ಬಣ್ಣ ಮಾಸಿ ಗುಲಾಬಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅದು ಕಾಯಿಲೆಯಲ್ಲ. ಮನುಷ್ಯರಿಗೆ ಬರುವ ತೊನ್ನಿನ ಕಥೆ ಬೇರೆ. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ಕಾವಲು ಕೋಶಗಳು ತಪ್ಪಾಗಿ ಬಣ್ಣದ ಕೋಶಗಳ ಮೇಲೆ ಬೀಳುತ್ತವೆ. ಇದು ಅಂಟುರೋಗವಲ್ಲ. ತೊನ್ನು ಇರುವ ಗೆಳೆಯನ ಕೈ ಹಿಡಿಯಬಹುದು, ಅವನ ಡಬ್ಬಿಯ ಊಟ ಹಂಚಿಕೊಳ್ಳಬಹುದು.

ಚಿಕಿತ್ಸೆ ಫಲಿಸಿದಾಗ ಬಿಳಿ ಮಚ್ಚೆಯ ನಡುವೆ ಸಣ್ಣಸಣ್ಣ ಕಂದು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯ ನಡುವೆಯೂ ಒಂದು ಕೂದಲಿರುತ್ತದೆ. ಕೂದಲಿನ ಬುಡದಲ್ಲಿ ಅಡಗಿದ್ದ ಮೀಸಲು ಕೋಶಗಳು ಪ್ರಚೋದಕಗಳ ಕರೆಗೆ ಎಚ್ಚೆತ್ತು, ಹೆಚ್ಚಿ, ಮೇಲೇರಿ ಬಂದಿರುತ್ತವೆ. ಮಚ್ಚೆಯೊಳಗಿನ ಕೂದಲೂ ಬಿಳಿಯಾಗಿದ್ದರೆ ಆ ಮೀಸಲು ತೀರಿಹೋಗಿರುವ ಸಾಧ್ಯತೆ ಹೆಚ್ಚು, ಬಣ್ಣ ಮರಳುವುದು ಕಷ್ಟ. ಚರ್ಮದ ವೈದ್ಯರು ಮಚ್ಚೆಯ ಜೊತೆಗೆ ಅದರೊಳಗಿನ ಕೂದಲ ಬಣ್ಣವನ್ನೂ ಕಣ್ಣಿಟ್ಟು ನೋಡುವುದು ಅದಕ್ಕೇ.